ಹಿಸ್ಸೆಯಾದ ಮಿಲ್ಟ್ರಿ ಲಾರಿ

ಮೊನ್ನೆ ಆಳಂದದ ಬಸ್ ನಿಲ್ದಾಣದ ಹಿಂದೆ ಕಾರು ನಿಲ್ಲಿಸಿ ಗ್ಯಾರೇಜೊಂದನ್ನು ದಾಟಿ ಹೋಗುವಾಗ ಹಳೆಯ ಗೇರ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಲಾರಿಯ ಹಿಂದಿನ ಅಚ್ಚು ಬಿಚ್ಚಿ ಕರ್ರಗಿನ ಎಣ್ಣೆಯನ್ನು ಡಬ್ಬಿಗೆ ಬಸಿಯುತ್ತಿದ್ದರು. ಆ ವಾಸನೆ ನಿಮಗೆ ಗೊತ್ತಿದ್ದರೆ ವರ್ಣನೆ ಬೇಕಿಲ್ಲ; ಗೊತ್ತಿಲ್ಲದಿದ್ದರೆ ನಿಮ್ಮ ಪುಣ್ಯ. ದಾರಿಹೋಕರು ಮೂಗು ಮುಚ್ಚಿಕೊಂಡು ದಾಟುತ್ತಿದ್ದರೆ ನಾನು ಮಾತ್ರ ಮಲ್ಲಿಗೆ ಬುಟ್ಟಿಯ ಮುಂದೆ ನಿಂತವಳ ಹಾಗೆ ಉಸಿರೆಳೆಯುತ್ತ ನಿಂತುಬಿಟ್ಟೆ. ನಾನು ಕಲಬುರಗಿಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯೆ. ನನ್ನ ರೋಗಿಗಳು ಯಾರಾದರೂ ಆಗ ನೋಡಿದ್ದರೆ ಮರುದಿನವೇ ಬೇರೆ ಡಾಕ್ಟರನ್ನು ಹುಡುಕುತ್ತಿದ್ದರು.

ಏನು ಮಾಡಲಿ, ಆ ವಾಸನೆ ಬಂದರೆ ನನಗೆ ಅಪ್ಪ ಮತ್ತು ಕಾಕಾ ಒಟ್ಟಿಗೇ ನೆನಪಾಗುತ್ತಾರೆ. ಕಾಕಾ ಎಂದರೆ ಅಪ್ಪನ ಒಬ್ಬನೇ ತಮ್ಮ. ಅವರಿಬ್ಬರು ಒಟ್ಟಿಗೆ ನೆನಪಾಗುವುದು ಸಣ್ಣ ಮಾತಲ್ಲ.

ನಮ್ಮ ಅಜ್ಜ ಆಳಂದ ತಾಲೂಕಿನ ಸರಸಂಬಾದಲ್ಲಿ ತೊಗರಿ ಬೆಳೆಯುತ್ತಿದ್ದವರು. ಮಹಾಯುದ್ಧದ ಕಾಲದ ಲಾರಿಯೊಂದನ್ನು ಸೈನ್ಯದವರು ಹರಾಜಿಗಿಟ್ಟಾಗ ಅದನ್ನು ಹಿಡಿದು, ಸೊಲ್ಲಾಪುರದಿಂದ ತಾವೇ ಹೊಡೆದುಕೊಂಡು ಬಂದಿದ್ದರಂತೆ. ಬೇರೆ ಲಾರಿಗಳನ್ನು ಹಿಂದಿನ ಗಾಲಿಗಳಷ್ಟೇ ನೂಕುತ್ತವೆ. ಈ ಮಿಲ್ಟ್ರಿ ಲಾರಿಯನ್ನು ಮುಂದಿನ ಗಾಲಿಗಳೂ ಎಳೆಯುತ್ತಿದ್ದವು. ಮಳೆಗಾಲದ ಎರೆಮಣ್ಣಿನಲ್ಲಿ ಎತ್ತುಗಳೇ ಹೂತು ನಿಂತಾಗಲೂ ಅದು ನಡೆಯುತ್ತಿತ್ತು. ಅಪ್ಪ, ಕಾಕಾ ಇಬ್ಬರೂ ಅಜ್ಜನಿಂದ ಬೈಸಿಕೊಳ್ಳುತ್ತ ಅದರ ಹೊಟ್ಟೆಯ ಕೆಳಗೇ ಬೆಳೆದವರು.

ಅಜ್ಜ ತೀರಿಕೊಂಡ ಮೇಲೆ ಆಸ್ತಿಯ ಹಿಸ್ಸೆಯಾಯಿತು. ಅಪ್ಪ ವಕೀಲ, ಕಾಕಾ ಹಟಮಾರಿ. ಹೊಲ, ಮನೆ, ಬಾವಿ ಎಲ್ಲ ನೂಲು ಹಿಡಿದು ಪಾಲಾದವು. ಕೊನೆಗೆ ಉಳಿದದ್ದು ಮನೆ ಮುಂದಿನ ಬೇವಿನ ಗಿಡದ ಕೆಳಗೆ ನಿಂತ ಲಾರಿ. ಇನ್ನೊಬ್ಬನಿಗೆ ಬಿಡಲು ಇಬ್ಬರಿಗೂ ಮನಸ್ಸಿಲ್ಲ, ಮಾರಲೂ ಮನಸ್ಸಿಲ್ಲ. ಪಂಚಾಯ್ತಿಗೆ ಕುಳಿತಿದ್ದ ಹಿರಿಯರೊಬ್ಬರು ಬೇಸತ್ತು ರುಮಾಲು ಝಾಡಿಸಿ ಎದ್ದರು. "ಹಂಗಾರ ಒಬ್ಬಾಂವ ಮುಂದಿನ ಅಚ್ಚು ಒಯ್ಯಿರಿ, ಒಬ್ಬಾಂವ ಹಿಂದಿಂದು ಒಯ್ಯಿರಿ! ಉಳಿದ ತಗಡು ಬೇವಿನ ಗಿಡಕ್ಕ ಇರ್ಲಿ!"

ಅವರು ಸಿಟ್ಟಿನಲ್ಲಿ ಅಂದ ಮಾತು ಅದು. ನಮ್ಮವರು ಅದನ್ನೇ ತೀರ್ಪೆಂದು ಹಿಡಿದರು. ಮರುದಿನವೇ ಲಾರಿಯನ್ನು ಕಲ್ಲುಗಳ ಮೇಲೆ ಏರಿಸಿ, ಮುಂದಿನ ಅಚ್ಚು ಮತ್ತು ಗಾಲಿಗಳನ್ನು ಅಪ್ಪ ಒಯ್ದರು, ಹಿಂದಿನವನ್ನು ಕಾಕಾ ಒಯ್ದರು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಆಗ ನಾನು ಲಂಗ ಹಾಕುತ್ತಿದ್ದೆ. ನಾನು ಡಾಕ್ಟರಾಗಿ ಹಳೆಯ ಕಾರೊಂದನ್ನು ಕೊಂಡಾಗಲೂ ಅವರು ಮಾತಾಡುತ್ತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಒಬ್ಬರು ಉಂಡು ಎದ್ದ ಮೇಲೆ ಇನ್ನೊಬ್ಬರು ಪಂಕ್ತಿಗೆ ಕೂಡುವರು. ಇವರಲ್ಲಿ ಒಬ್ಬರು ಹೀಗೇ ಕಣ್ಣು ಮುಚ್ಚಿದರೆ ಎಂಬ ಹೆದರಿಕೆ ನನಗೆ ಒಳಗೊಳಗೇ ಇತ್ತು.

ಹೀಗಿರುವಾಗ ಸರಸಂಬಾದಲ್ಲಿ ರಸ್ತೆ ಅಗಲ ಮಾಡಲು ಬಂದರು. ಬೇವಿನ ಗಿಡದ ಕೆಳಗಿನ ಲಾರಿಯನ್ನು ಗಾಲಿ ಹಾಕಿ ಸರಿಸಬೇಕು, ಇಲ್ಲವೇ ಗುಜರಿಯವನು ಗ್ಯಾಸಿನಿಂದ ಕೊಯ್ದು ಒಯ್ಯುತ್ತಾನೆ. ನಾನು ಊರಿಗೆ ಬಂದಿದ್ದ ಒಂದು ಮುಂಜಾನೆ ಕಾಕಾ ಆಳಂದದ ನಮ್ಮ ಮನೆಯ ಗೇಟಿನ ಹೊರಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ನಿಮ್ಮಪ್ಪಗ ಕೇಳವಾ, ಮುಂದಿನ ಅಚ್ಚು ಎಲ್ಲದ ಅಂತ."

ಪಡಸಾಲೆಯಲ್ಲಿ ಪೇಪರು ಹಿಡಿದಿದ್ದ ಅಪ್ಪನಿಗೆ ಅದು ಚೆನ್ನಾಗಿಯೇ ಕೇಳಿಸಿತು. ಆದರೂ ನಾನು ಹೋಗಿ ಹೇಳುವತನಕ ಕಾದರು. "ಅಫಜಲಪುರದ ಕಡಿ ಕೊಟ್ಟೇನಿ ಅಂತ ಹೇಳು. ಹಿಂದಿಂದು ಎಲ್ಲದ, ಕೇಳು."

"ಜೇವರ್ಗ್ಯಾಗ ಅದ, ನಿಮ್ಮ ಕಾಕುನ ತಮ್ಮನ ಹಂತ್ಯಾಕ," ಎಂದರು ಗೇಟಿನಾಚೆಯ ಕಾಕಾ. ಕಾಕು ಎಂದರೆ ಅವರ ಹೆಂಡತಿ.

ವೈದ್ಯಕೀಯ ಓದಿ ಅಂಚೆಯವಳಾದೆ ಎಂದುಕೊಂಡು ನಾನು ಗೇಟಿಗೂ ಪಡಸಾಲೆಗೂ ಓಡಾಡಿದೆ. ಕೊನೆಗೆ ಅಪ್ಪ ಪೇಪರು ಮಡಚಿದರು. "ಅಂವಗ ಆ ಅಚ್ಚಿನ ಗುರ್ತು ಸಿಗೂದಿಲ್ಲ. ನಾನೂ ಬರ್ತೇನಿ ಅಂತ ಹೇಳು."

ಅಪ್ಪ ಕಾರಿನ ಮುಂದಿನ ಸೀಟಿನಲ್ಲಿ, ಕಾಕಾ ಹಿಂದಿನದರಲ್ಲಿ. ಲಾರಿಯ ಹಿಸ್ಸೆ ಇಲ್ಲಿಯೂ ತಪ್ಪಲಿಲ್ಲ.

ಅಫಜಲಪುರದಾಚೆ, ಭೀಮಾ ನದಿಯ ದಂಡೆಯ ಹಳ್ಳಿಯಲ್ಲಿ ನಮ್ಮ ಮುಂದಿನ ಅಚ್ಚು ನೀಲಮ್ಮ ಎಂಬಾಕೆಯ ನೀರಿನ ಗಾಡಿಯ ಕೆಳಗಿತ್ತು. ಗಾಲಿಗಳು ಅತ್ತಿತ್ತ ಹೊರಳದಂತೆ ಕಬ್ಬಿಣದ ಪಟ್ಟಿ ಬಿಗಿದಿದ್ದರು. ಅದರ ಮೇಲೆ ಟ್ಯಾಂಕು, ಮುಂದೆ ಎರಡು ಎತ್ತು. ಯಾವುದೋ ಯುದ್ಧಕ್ಕೆಂದು ಎರಕ ಹೊಯ್ದ ಕಬ್ಬಿಣ ಇಲ್ಲಿ ಓಣಿ ಓಣಿಗೆ ನೀರು ಹೊರುತ್ತಿರುವುದನ್ನು ನಾನು ಬಗ್ಗಿ ಬಗ್ಗಿ ನೋಡಿದೆ.

"ಒಯ್ಯರಿ, ನಿಮ್ದೇ ಅದ," ಎಂದರು ನೀಲಮ್ಮ. "ಆದ್ರ ನನ್ನ ಗಾಡಿ ಒಂದಿನಾನೂ ನಿಲ್ಲಬಾರದು ನೋಡ್ರಿ. ಬ್ಯಾರೆ ಅಚ್ಚು ತಂದು ಕೂಡಿಸರಿ, ನಿಂತು ನೋಡ್ತೇನಿ."

ಹಾಗೆಯೇ ಮಾಡಿದೆವು. ಹಳೆಯ ಅಚ್ಚನ್ನು ಬಾಡಿಗೆ ಟೆಂಪೋಗೆ ಏರಿಸುವ ಮುಂಚೆ ಆಕೆ ಅದಕ್ಕೆ ಕುಂಕುಮ ಹಚ್ಚಿ, ಮಗಳನ್ನು ಕಳಿಸುವವರ ಹಾಗೆ ಉಡಿ ತುಂಬಿದರು. ಕಬ್ಬಿಣಕ್ಕೆ ಉಡಿಯೆಲ್ಲಿಯದು? ಅಚ್ಚಿನ ಮೇಲೊಂದು ಕುಪ್ಪಸದ ಖಣ ಹಾಸಿ, ಅಕ್ಕಿ, ಕೊಬ್ಬರಿ ಇಟ್ಟರು. ನನ್ನ ಅಪ್ಪ, ಕೋರ್ಟಿನಲ್ಲಿ ಎದುರಾಳಿಗಳ ಎದೆ ನಡುಗಿಸುತ್ತಿದ್ದವರು, ಆ ಕಡೆ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಜೇವರ್ಗಿಯ ಅಚ್ಚು ಕಾಕುನ ತಮ್ಮನ ಟ್ರ್ಯಾಕ್ಟರಿನ ಹಿಂದೆ ತೊಗರಿ ಚೀಲ ಹೊರುತ್ತಿತ್ತು. ಅದರ ಮೂಲ ಗಾಲಿಯೊಂದು ಇರಲಿಲ್ಲ, ಆ ಜಾಗಕ್ಕೆ ಬೇರೆ ಗಾಲಿ ಕೂಡಿಸಿದ್ದರು. ವಿಚಾರಿಸುತ್ತ ಹೋದರೆ ಹಳೆಯ ಗಾಲಿಯ ಕಬ್ಬಿಣದ ಡಿಸ್ಕು ಊರ ಶಾಲೆಯ ಜಗಲಿಯಲ್ಲಿ ಗಂಟೆಯಾಗಿ ತೂಗುತ್ತಿತ್ತು. ಹೊಸ ಗಂಟೆ ತಂದುಕೊಟ್ಟು ಇಳಿಸಿಕೊಂಡೆವು. ಆದರೆ ಅಲ್ಲೊಂದು ಕೆಟ್ಟ ಸುದ್ದಿಯೂ ಕಾದಿತ್ತು. "ಮಾವಾ, ಇದರ ಪೆಟಿಗಿ ಒಮ್ಮೆ ಬಿಚ್ಚ್ಯಾರ," ಎಂದ ಕಾಕುನ ತಮ್ಮ. "ಒಳಗಿನ ಹಲ್ಲು ಅವೇ ಅದಾವೋ ಬ್ಯಾರೆ ಹಾಕ್ಯಾರೋ, ನನಗ ಗೊತ್ತಿಲ್ರಿ."

ಇದು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಪೆಟ್ಟಿಗೆ ಇರುತ್ತದಲ್ಲ, ಅದರೊಳಗೆ ಹಲ್ಲಿನ ಚಕ್ರಗಳು. ಎಂಜಿನ್ನಿನಿಂದ ಬರುವ ಶಾಫ್ಟು ಎಷ್ಟು ಸುತ್ತಿದರೆ ಗಾಲಿ ಒಂದು ಸುತ್ತು ಹೋಗಬೇಕು ಎಂಬುದು ಆ ಹಲ್ಲುಗಳ ಲೆಕ್ಕ. ಮುಂದಿನ ಲೆಕ್ಕವೂ ಹಿಂದಿನ ಲೆಕ್ಕವೂ ಒಂದೇ ಇರಬೇಕು. ಇಲ್ಲದಿದ್ದರೆ ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ. ಲಾರಿ ತನ್ನನ್ನು ತಾನೇ ಮುರಿದುಕೊಳ್ಳುತ್ತದೆ.

ಪರೀಕ್ಷೆ ಮಾಡುವ ಬಗೆಯನ್ನು ಅಜ್ಜ ಇಬ್ಬರಿಗೂ ಕಲಿಸಿದ್ದರು. ಸರಸಂಬಾದ ಬೇವಿನ ಗಿಡದ ಕೆಳಗೆ ಮೊದಲು ಹಿಂದಿನ ಅಚ್ಚನ್ನು ಕಲ್ಲಿನ ಮೇಲೇರಿಸಿದರು. ಶಾಫ್ಟು ಕೂಡುವ ಮೂತಿಯ ಮೇಲೆ ಸುಣ್ಣದ ಗೆರೆ ಎಳೆದು, ಅದನ್ನು ನೋಡುವ ಕೆಲಸ ನನಗೆ ಕೊಟ್ಟರು. ಎರಡೂ ಗಾಲಿಗಳನ್ನು ಕೂಡಿಯೇ, ಒಂದೇ ಹದದಲ್ಲಿ ಒಂದು ಸುತ್ತು ತಿರುಗಿಸಬೇಕು. ಒಂದು ಮುಂದಾಗಿ ಒಂದು ಹಿಂದಾದರೆ ಲೆಕ್ಕ ತಪ್ಪುತ್ತದೆ. ಅಪ್ಪ ಒಂದು ತುದಿಗೆ ಕುಳಿತರು, ಕಾಕಾ ಇನ್ನೊಂದು ತುದಿಗೆ.

ಲೆಕ್ಕ ತಪ್ಪಿತು. ಮತ್ತೆ ತಪ್ಪಿತು. "ನಿಮ್ಮ ಕಾಕಾಗ ಹೇಳು, ಜಗ್ಗಬ್ಯಾಡ ಅಂತ." "ನಿಮ್ಮಪ್ಪಗ ಹೇಳು, ಮಲಗಬ್ಯಾಡ ಅಂತ." ನಾನು ಹೇಳಿ ಮುಗಿಸುವಷ್ಟರಲ್ಲಿ ಗಾಲಿಗಳು ಎಲ್ಲಿಯೋ ಇರುತ್ತಿದ್ದವು. ನಡುವೆ ಒಬ್ಬಳಿದ್ದರೆ ಈ ಕೆಲಸ ಆಗುವಂಥದ್ದಲ್ಲ ಎಂದು ನನಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡು ಸುಣ್ಣದ ಗೆರೆಯನ್ನಷ್ಟೇ ನೋಡುತ್ತ ಕುಳಿತೆ. ಈ ಸಲ ಅಪ್ಪನ ಗಾಲಿ ಮುಂದೋಡಿತು.

"ಅಣ್ಣಾ, ಸಾವಕಾಶ!" ಎಂದು ಕಾಕಾ ಕೂಗಿದರು.

ಗಾಲಿ ನಿಂತಿತು. ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಕಾಕು ಕೈಯಲ್ಲಿ ಹಿಟ್ಟು ಹಿಡಿದು ಅಲ್ಲೇ ನಿಂತರು. ಅಪ್ಪ ತಲೆ ಎತ್ತಲಿಲ್ಲ. ಗಾಲಿಯ ಮೇಲೆ ಕೈ ಇಟ್ಟುಕೊಂಡೇ ಮೆಲ್ಲಗೆ ಅಂದರು: "ಹೂಂ. ನೀ ಹೇಳು ತಮ್ಮಾ, ಹಂಗ ತಿರುವ್ತೇನಿ."

ಕಾಕಾ ಹೇಳುತ್ತ ಹೋದರು, ಅಪ್ಪ ತಿರುವುತ್ತ ಹೋದರು. ಗೆರೆ ಸುತ್ತಿ ಸುತ್ತಿ ಒಂದು ಕಡೆ ನಿಂತಿತು. ಆಮೇಲೆ ಮುಂದಿನ ಅಚ್ಚನ್ನು ಏರಿಸಿ ತಿರುವಿದರು. ಅದೂ ಅಷ್ಟೇ ಸುತ್ತು ಸುತ್ತಿ, ಅದೇ ಓರೆಯಲ್ಲಿ, ಅಲ್ಲಿಗೇ ಬಂದು ನಿಂತಿತು. ಒಂದು ಭೀಮೆಯ ನೀರು ಹೊತ್ತಿದೆ, ಒಂದು ಜೇವರ್ಗಿಯ ತೊಗರಿ ಹೊತ್ತಿದೆ, ವರ್ಷಾನುಗಟ್ಟಲೆ ಒಂದರ ಮುಖ ಒಂದು ಕಂಡಿಲ್ಲ. ಆದರೂ ಲೆಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲ. ಮನುಷ್ಯನ ದೇಹ ಕೊಯ್ದು ನೋಡಿದವಳು ನಾನು. ಅಂಥ ಬೆರಗು ಅಲ್ಲಿಯೂ ಆಗಿರಲಿಲ್ಲ.

ಎರಡೂ ಅಚ್ಚು ಕೂಡಿದ ಲಾರಿ ಟ್ರ್ಯಾಕ್ಟರಿಗೆ ಎಳೆಸಿಕೊಂಡು ರಸ್ತೆ ಬಿಟ್ಟು ಹೊಲಕ್ಕೆ ಬಂತು. ಎಂಜಿನ್ನು ಕೆಮ್ಮಿ ಕೆಮ್ಮಿ ಎದ್ದದ್ದು ಆಮೇಲಿನ ಮಾತು. ಅಪ್ಪ ಕೊನೆಯವರೆಗೂ ಭಾನುವಾರ ತಪ್ಪದೆ ಸರಸಂಬಾಕ್ಕೆ ಹೋದರು. ಹೋದ ವರ್ಷ ತೀರಿಕೊಂಡರು. ಆಮೇಲೆ ನಾನು ಆ ಕಡೆ ಹೋಗಿರಲಿಲ್ಲ. ಲಾರಿಯನ್ನು ನೋಡುವ ಧೈರ್ಯವಿರಲಿಲ್ಲ.

ಮೊನ್ನೆ ಗ್ಯಾರೇಜಿನ ಮುಂದಿನಿಂದ ಕಾರನ್ನು ಕಲಬುರಗಿಗೆ ತಿರುಗಿಸದೆ ಸರಸಂಬಾಕ್ಕೆ ತಿರುಗಿಸಿದೆ. ಕಾಕಾ ಲಾರಿಯ ಪಕ್ಕದಲ್ಲೇ ಇದ್ದರು. ಹಿಂದಿನ ಗಾಲಿಗಳು ಗ್ರೀಸು ಕುಡಿದು ಮಿರಮಿರ ಮಿಂಚುತ್ತಿದ್ದವು. ಮುಂದಿನವು ಒಣಗಿ, ಧೂಳು ಹಿಡಿದು ನಿಂತಿದ್ದವು.

"ಯಾಕ ಕಾಕಾ, ಮುಂದಿನವಕ್ಕ ಹಚ್ಚಿಲ್ಲಲ್ಲ?"

"ಅದು ನನ್ನ ಪಾಲು ಅಲ್ಲವಾ," ಎಂದರು ಕಾಕಾ. ಗ್ರೀಸಿನ ಡಬ್ಬಿಯನ್ನು ನನ್ನ ಕಡೆ ನೂಕಿದರು. "ನಿಮ್ಮಪ್ಪಂದು. ಈಗ ನಿಂದು. ನೀ ಬರ್ತಿ ಅಂತ ದಾರಿ ನೋಡಾಕತ್ತಿದ್ದೆ."

ನಾನು ಕೈಬಳೆ ತೆಗೆದು ಅವರ ಅಂಗಿಯ ಕಿಸೆಯಲ್ಲಿ ಹಾಕಿದೆ, ಮುಂದಿನ ಗಾಲಿಯ ಹತ್ತಿರ ಕುಳಿತೆ.