ಮುರಿಯದ ಪೈಪಿನ ಬಿರುಕುರಾಯರು

ಎಣ್ಣೆಬಾವಿ ಕೊರೆಯುವ ಪೈಪು ಯಾವಾಗ ಮುರಿಯುತ್ತದೆಂದು ಮೊದಲೇ ಹೇಳುವುದು ರಾಯರ ಕೆಲಸ. ಆಫೀಸಿನಲ್ಲಿ ಅವರಿಗೆ ಬಿರುಕುರಾಯರು ಎಂದೇ ಹೆಸರು. ನೆಲದಾಳದಲ್ಲಿ ಬಾಗುತ್ತಾ ತಿರುಗುತ್ತಾ ಉಕ್ಕಿಗೂ ದಣಿವಾಗುತ್ತದೆ. ದಣಿದ ಕಡೆ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಸದ್ದಿಲ್ಲದೆ ಬೆಳೆಯುತ್ತದೆ. ರಾಯರು ಅಯಸ್ಕಾಂತ ಹಿಡಿದು, ಕಬ್ಬಿಣದ ಪುಡಿ ಉದುರಿಸಿ ಆ ಗೆರೆಯನ್ನು ಪತ್ತೆ ಹಚ್ಚುತ್ತಿದ್ದರು. ಲೆಕ್ಕ ಹಾಕಿ, ಕೆಂಪು ಪಟ್ಟಿ ಬಳಿದು, ಮುರಿಯುವ ಮುಂಚೆಯೇ ಪೈಪನ್ನು ಮೂಲೆಗೆ ಸೇರಿಸುತ್ತಿದ್ದರು. ಹೀಗಾಗಿ ಅವರ ಕಾಲದಲ್ಲಿ ಒಂದು ಪೈಪೂ ಮುರಿದಿರಲಿಲ್ಲ.

ಅದೇ ಅವರ ಕುತ್ತಿಗೆಗೆ ಬಂತು.

"ಇಲ್ಲಿ ಏನೂ ಮುರಿಯೋದೇ ಇಲ್ವಲ್ರೀ. ಮತ್ತೆ ನೀವ್ಯಾಕೆ?" ಎಂದರು ಹೊಸ ಮ್ಯಾನೇಜರು.

"ನಾನಿರೋದಕ್ಕೇ ಮುರಿಯಲ್ಲ ಸಾರ್."

"ಹಾಗಾದ್ರೆ ನಮ್ಮನೆಗೆ ಹುಲಿ ಬರದೇ ಇರೋದು ನಮ್ಮ ಬೆಕ್ಕಿನ ದೆಸೆಯಿಂದ, ಅಲ್ವಾ?"

ಕೊನೆಗೆ ಕೆಂಪು ಪಟ್ಟಿಯ ಪೈಪೊಂದನ್ನು ಪರೀಕ್ಷಾ ಯಂತ್ರಕ್ಕೆ ಹಾಕಿ ತಿರುಗಿಸುವುದೆಂದು ತೀರ್ಮಾನವಾಯಿತು. ಬುಧವಾರ ಊಟದ ಹೊತ್ತಿಗೆ ಮುರಿಯುತ್ತದೆಂದು ರಾಯರು ಲೆಕ್ಕ ಕೊಟ್ಟರು. ಮುರಿದರೆ ಕೆಲಸ ಉಳಿಯಿತು, ಇಲ್ಲದಿದ್ದರೆ ಇಲ್ಲ.

"ಇಷ್ಟು ವರ್ಷ ಮುರೀಬಾರ್ದು ಅಂತ ಒದ್ದಾಡಿದ್ರಿ. ಈಗ ಮುರೀಲಿ ಅಂತ ನಾನು ಕೈ ಮುಗೀಬೇಕಾ?" ಎಂದರು ಹೆಂಡತಿ.

"ಮುಗಿ ಮಾರಾಯ್ತಿ, ನಿನಗೇನು ಖರ್ಚು?"

ಬುಧವಾರ ಯಂತ್ರದ ಸುತ್ತ ಕುರ್ಚಿ ಹಾಕಿಸಿದ್ದರು. ಪೈಪು ಗಟ್ಟಿಮುಟ್ಟಾಗಿ ತಿರುಗುತ್ತಲೇ ಇತ್ತು.

"ರಾಯರೇ, ನಿಮ್ಮ ಪೈಪಿಗೆ ಸ್ವಲ್ಪ ಬುದ್ಧಿ ಹೇಳಿ, ಹೊಟ್ಟೆ ಹಸೀತಿದೆ," ಎಂದ ಸ್ಟೋರ್‌ಕೀಪರ್.

ಊಟದ ಹೊತ್ತು ಬಂತು, ಹೋಯಿತು. ರಾಯರು ಜೀವನದಲ್ಲಿ ಮೊದಲ ಸಲ ಬಿರುಕಿನ ಪಕ್ಷ ವಹಿಸಿ, "ಬೆಳಿ ತಾಯಿ, ಬೆಳಿ," ಎಂದು ಗೊಣಗಿದರು. ಮ್ಯಾನೇಜರು ಬೀಳ್ಕೊಡುವ ಮುಖ ಮಾಡಿಕೊಂಡು ಎದ್ದರು.

ಆಗ ಢಣ್ ಎಂದಿತು.

ಮುರಿದದ್ದು ಪೈಪಲ್ಲ, ಅದನ್ನು ತಿರುಗಿಸುತ್ತಿದ್ದ ಯಂತ್ರದ ದಂಡ. ಊರಿನ ಉಕ್ಕನ್ನೆಲ್ಲ ದಣಿಸಿದ ಯಂತ್ರಕ್ಕೂ ದಣಿವಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ, ರಾಯರಿಗೂ. ತುಂಡಿನ ತುದಿಯಲ್ಲಿ ಹಳೆಯ ಬಿರುಕು ಕಂಡು ಅವರ ಮುಖ ಕಪ್ಪಿಟ್ಟಿತು.

ಮ್ಯಾನೇಜರ ಮುಖ ಮಾತ್ರ ಅರಳಿತು. "ನೋಡಿ, ನಮ್ಮಲ್ಲೂ ಮುರಿಯುತ್ತೆ. ಹಾಗಾದ್ರೆ ನೀವು ಬೇಕೇ ಬೇಕು."

"ಸಾರ್, ಇದು ಮುರಿಯುತ್ತೆ ಅಂತ ನಾನು ಹೇಳೇ ಇರಲಿಲ್ಲ."

"ಅದಕ್ಕೇ ಮುರೀತು. ನೀವು ಹೇಳಿದ್ದು ಯಾವತ್ತಾದ್ರೂ ಮುರಿದಿದೆಯೇನ್ರೀ?"

ಸಂಜೆ ಹೆಂಡತಿ ಬಾಗಿಲಲ್ಲೇ ಕಾದಿದ್ದರು. "ಮುರೀತಾ?"

"ಮುರೀತು."

"ನಂಗೊತ್ತಿತ್ತು, ನಿಮ್ಮ ಲೆಕ್ಕ ತಪ್ಪಲ್ಲ."

ರಾಯರು ಚಪ್ಪಲಿ ಬಿಟ್ಟು ಒಳಗೆ ಬಂದು, ದಿನಾ ಕೂರುವ ಕುರ್ಚಿಯನ್ನೇ ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಕೂತರು.