ಬ್ಯಾನರಿನ ಮೇಲೆ ಅಣ್ಣಾ

ಡೊಂಬಿವಲಿ ಸ್ಟೇಷನ್ನಿನಿಂದ ನಮ್ಮ ಸೊಸೈಟಿಗೆ ಬರುವ ದಾರಿಯ ನಾಕಾದಲ್ಲಿ, ಅಂದರೆ ರಸ್ತೆಗಳು ಕೂಡುವ ಮೂಲೆಯಲ್ಲಿ, ಕಳೆದ ವಾರ ಒಂದು ಬ್ಯಾನರ್ ಎದ್ದಿತು. 'ಭಾವಪೂರ್ಣ ಶ್ರದ್ಧಾಂಜಲಿ. ಆಮಚೇ ಲಾಡಕೇ ಅಣ್ಣಾ.' ಅಂದರೆ, ನಮ್ಮೆಲ್ಲರ ಪ್ರೀತಿಯ ಅಣ್ಣ. ಪಕ್ಕದಲ್ಲಿ ಫೋಟೊ: ಅದೇ ನಾಕಾದಲ್ಲಿ ಗಾಡಿ ಇಟ್ಟು ಇಡ್ಲಿ ಮಾರುತ್ತಿದ್ದ, ಕುಂದಾಪುರ ಕಡೆಯ ನಮ್ಮ ನೆರೆಯವರು.

ಹೆಸರು? ಇಲ್ಲ.

(ಸದಾ ನಗುತ್ತಿದ್ದರು ಎಂದು ಬರೆಯಬಹುದಿತ್ತು. ಆದರೆ ಆ ನಗು ನನ್ನ ನೆನಪಿನದೋ ಬ್ಯಾನರಿನದೋ, ಖಾತ್ರಿಯಿಲ್ಲ.)

ಅಣ್ಣ. ಎಷ್ಟು ಚಿಕ್ಕ ಪದ ನೋಡಿ. ಕನ್ನಡದಲ್ಲಿ ಒಡಹುಟ್ಟಿದ ಹಿರಿಯ. ತಮಿಳು, ತೆಲುಗಿನಲ್ಲೂ ಹಾಗೆಯೇ. ಮರಾಠಿಗೆ ನಮ್ಮಿಂದಲೇ ಹೋಯಿತಂತೆ. ಅಲ್ಲಿ ಮನೆಯ ಹಿರಿಯನಾಯಿತು, ಕೆಲವು ಮನೆಗಳಲ್ಲಿ ಅಪ್ಪನೇ ಆಯಿತು. ಲೋಕಲ್ ಟ್ರೇನಿನ ಹಿಂದಿಗೆ ಬಂದಾಗ? ಇಡ್ಲಿ ಕೊಡುವವನು. ಸಂಬಂಧ ಉದುರಿ ಕಸುಬಷ್ಟೇ ಉಳಿಯಿತು.

ಅವರ ಹೆಂಡತಿ ಗಿರಿಜಕ್ಕ ನನ್ನನ್ನು ಕರೆಸಿದರು. "ಅದ್ರಲ್ಲಿ ಇವರ ಹೆಸರು ಹಾಕ್ಸಿ ಮಾರಾಯ್ರೆ. ಮತ್ತೆಂತದೂ ಬೇಡ ನಂಗೆ."

ಅವರ ಮಗನಿಗೆ ಹೇಳಿದೆ. ಇಲ್ಲೇ ಹುಟ್ಟಿದವನು, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ.

"ಅಂಕಲ್, ಪಬ್ಲಿಕ್ ಕೋ ಅಣ್ಣಾ ಮಾಲೂಮ್ ಹೈ. ನಾಮ್ ಡಾಲಾ ತೋ ಲಗೇಗಾ ದೂಸರಾ ಆದ್ಮಿ ಗಯಾ."

ಜನಕ್ಕೆ ಗೊತ್ತಿರುವುದು ಅಣ್ಣಾ, ಹೆಸರು ಹಾಕಿದರೆ ಬೇರೆ ಯಾರೋ ಸತ್ತಂತಾಗುತ್ತದಂತೆ. ಬ್ಯಾನರ್ ಕಟ್ಟಿದ ನಾಕಾದ ಯುವಕ ಮಂಡಳದ ಹುಡುಗರೂ ಹೌದೆಂದರು. ಸೂತಕ ಮುಗಿದ ಮೇಲೆ ಗಾಡಿಯಲ್ಲಿ ನಿಲ್ಲುವವನು ಮಗನೇ. ಗಿರಾಕಿಗಳು ಅವನನ್ನೂ ಅಣ್ಣಾ ಎಂದೇ ಕರೆಯಬೇಕು. ಬಿಸಿನೆಸ್ ಅಲ್ಲವೇ?

ವಿಷಯ ತಿಳಿಸಿದೆ. ಗಿರಿಜಕ್ಕ ಅಳಲಿಲ್ಲ. ಚಪ್ಪಲಿ ಮೆಟ್ಟಿ ನಾಕಾಕ್ಕೆ ಹೊರಟರು. ನಾನೂ ಹಿಂದೆ ಹೋದೆ.

ಗಂಡನ ಹೆಸರನ್ನು ಬಾಯಲ್ಲಿ ಹೇಳದ ಪೈಕಿ ಅವರು. ಮನೆಯಲ್ಲಿ 'ಇವರು', ಬೀದಿಯಲ್ಲಿ 'ಅಣ್ಣಾ'. ತೊಟ್ಟಿಲಲ್ಲಿ ಇಟ್ಟ ಹೆಸರನ್ನು ಊರು ಬಿಟ್ಟ ಮೇಲೆ ಕರೆದವರು ಯಾರು?

ಬ್ಯಾನರಿನ ಮುಂದೆ ಆಫೀಸಿಗೆ ಹೊರಟಿದ್ದ ಒಬ್ಬ ಗಿರಾಕಿ ನಿಂತಿದ್ದ. ಗಿರಿಜಕ್ಕನನ್ನು ಕಂಡು ಕೈಮುಗಿದ.

"ಅಣ್ಣಾ ಬಹುತ್ ಅಚ್ಛೇ ಥೇ, ಆಂಟಿ."

"ಅಣ್ಣ ಅಲ್ಲ," ಎಂದರು ಗಿರಿಜಕ್ಕ. ಸೆರಗು ಸರಿಮಾಡಿಕೊಂಡರು. ಮದುವೆಯಾದಾಗಿನಿಂದ ನಾಲಿಗೆ ತಡೆದುಕೊಂಡದ್ದನ್ನು ಹೇಳಿಬಿಟ್ಟರು: "ವಾಸುದೇವ."

ಅವನು ಗೌರವದಿಂದಲೇ ಕೇಳಿದ:

"ಕೌನ್ ವಾಸುದೇವ?"