ಬಿಸಿಗಾಳಿಯ ಕೊಳವೆ

ನನ್ನ ಹೆಂಡತಿ ಕಾರು ಕಲಿತದ್ದು ನಲವತ್ತೆಂಟನೇ ವಯಸ್ಸಿನಲ್ಲಿ. ಚಿಕ್ಕಬಾಣಾವರದ ನಮ್ಮ ಮನೆಯಲ್ಲಿ ಇಡ್ಲಿ ಬೇಯಿಸಿ, ಬೆಳಗ್ಗೆ ಆರೂವರೆಗೆ ಪೀಣ್ಯದ ಎರಡು ಕಾರ್ಖಾನೆಗಳಿಗೆ ತಾನೇ ಒಯ್ಯುತ್ತಿದ್ದಳು. ಆ ಗತ್ತೇ ಬೇರೆ ಇತ್ತು. ಕಾರು ಕಾರ್ಬುರೇಟರ್ ಕಾಲದ್ದು, ಅದರ ರಿಪೇರಿ ನನ್ನದು. ಮೂವತ್ತು ವರ್ಷ ಲೇತ್ ಮುಂದೆ ನಿಂತ ನಾನು ಮೆಕ್ಯಾನಿಕ್‌ಗಳನ್ನು ನಂಬುವ ಪೈಕಿಯಲ್ಲ.

ಆ ಡಿಸೆಂಬರಿನಲ್ಲಿ ಕಾರು ಹಟ ಹಿಡಿಯಿತು. ಮನೆಯಿಂದ ಸಲೀಸಾಗಿ ಹೊರಟು, ಮಂಜಿನಲ್ಲಿ ಹತ್ತು ನಿಮಿಷ ಓಡಿ, ಸಿಗ್ನಲ್‌ನಲ್ಲಿ ನಿಂತೊಡನೆ ಆಫ್ ಆಗುತ್ತಿತ್ತು. ಹಿಂದಿನಿಂದ ಲಾರಿಗಳ ಹಾರನ್. ಅವಳು ಅಲ್ಲಿಂದಲೇ ಫೋನ್ ಮಾಡುತ್ತಿದ್ದಳು.

"ಚೋಕ್ ಒಳಗೆ ತಳ್ಳಿದ್ಯಾ?" ಎಂದು ಕೇಳುತ್ತಿದ್ದೆ.

"ತಳ್ಳಿದ್ದೀನಿ ಕಣ್ರೀ."

"ಹಂಗಾದ್ರೆ ಯಾಕೆ ಆಫ್ ಆಗುತ್ತೆ? ಕ್ಲಚ್ ಮೇಲೆ ಕಾಲಿಡೋಕೇ ಬರಲ್ಲ ನಿಂಗೆ."

ಐದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ನನ್ನ ಅನುಮಾನ ಗಟ್ಟಿಯಾಯಿತು. ಕಾರ್ಬುರೇಟರ್ ಬಿಚ್ಚಿ ತೊಳೆದೆ, ಪ್ಲಗ್ ಬದಲಿಸಿದೆ. ಮಧ್ಯಾಹ್ನದ ಬಿಸಿಲಲ್ಲಿ ನಾನು ಓಡಿಸಿ ನೋಡಿದರೆ ಒಮ್ಮೆಯೂ ನಿಲ್ಲಲಿಲ್ಲ. ಪಕ್ಕದ ಮನೆಯವರು ಕೇಳಿದ್ದಕ್ಕೆ, ಅವಳೆದುರಿಗೇ, "ಗಾಡಿ ಚೆನ್ನಾಗೇ ಇದೆ, ಓಡ್ಸೋರು ಸರಿ ಇಲ್ಲ" ಅಂದುಬಿಟ್ಟೆ. ಅವರು ನಕ್ಕರು. ಅವಳು ಕೀ ತಂದು ಗೋಡೆಯ ಮೊಳೆಗೆ ನೇತುಹಾಕಿದಳು. ಮರುದಿನದಿಂದ ಇಡ್ಲಿ ಪಾತ್ರೆಗಳು ಆಟೋದಲ್ಲಿ ಹೋದವು.

ವಾರ ಕಳೆದು, ಒಂದು ಬೆಳಗ್ಗೆ ನಾನೇ ಕಾರು ತೆಗೆದೆ. ಅದೇ ಸಿಗ್ನಲ್‌ನಲ್ಲಿ, ಅದೇ ಮಂಜಿನಲ್ಲಿ, ಆಫ್. ಬಾನೆಟ್ ಎತ್ತಿ ಕಾರ್ಬುರೇಟರ್ ಮುಟ್ಟಿದರೆ ಫ್ರಿಜ್ಜಿನಲ್ಲಿಟ್ಟ ಚೊಂಬಿನಷ್ಟು ತಣ್ಣಗಿತ್ತು. ಪೆಟ್ರೋಲು ಗಾಳಿಗೆ ಬೆರೆತು ಆವಿಯಾಗುವ ತಂಪಿಗೆ ಥಂಡಿಗಾಳಿಯ ತೇವ ಅದರೊಳಗೆ ಹೆಪ್ಪುಗಟ್ಟಿ ಉಸಿರು ಕಟ್ಟುತ್ತಿತ್ತು, ಎಂಜಿನ್ನಿನ ಕಾವಿಗೆ ಐದು ನಿಮಿಷದಲ್ಲಿ ಕರಗುತ್ತಿತ್ತು. ಆಗ ನೆನಪಾಯಿತು. ಎಂಜಿನ್ನಿನ ಕಾದ ಹೊಗೆಕೊಳವೆಯ ಕಡೆಯಿಂದ ಏರ್ ಫಿಲ್ಟರಿಗೆ ಬಿಸಿಗಾಳಿ ಒಯ್ಯುವ ಕೊಳವೆಯೊಂದಿತ್ತು. ಹರಿದಿದೆ, ಬೆಂಗಳೂರಿಗೆ ಇದೇಕೆ ಎಂದು ಬೇಸಿಗೆಯಲ್ಲಿ ಕಿತ್ತು ಗುಜರಿ ಡಬ್ಬಕ್ಕೆ ಹಾಕಿದವನು ನಾನೇ.

ಕೊಳವೆ ಹುಡುಕಿ, ಹರಿದಲ್ಲಿ ತಗಡು ಸುತ್ತಿ ಕೂರಿಸಿದೆ. ಮೂರು ದಿನ ಬೆಳಗ್ಗೆ ಓಡಿಸಿದೆ, ಎಲ್ಲೂ ನಿಲ್ಲಲಿಲ್ಲ. ಕೀ ಅವಳ ಮುಂದಿಟ್ಟು, "ತಪ್ಪು ನಂದೇ ಕಣೇ, ಈಗ ಆಫ್ ಆಗಲ್ಲ" ಅಂದೆ.

"ಗಾಡಿ ಆಫ್ ಆಗುತ್ತೆ ಅಂತ ನಂಗ್ಯಾವತ್ತೂ ಭಯ ಇರ್ಲಿಲ್ಲ ಕಣ್ರೀ" ಅಂದಳು. "ಆಫ್ ಆದ್ರೆ ನೀವು ಏನಂತೀರೋ ಅನ್ನೋದೇ ಭಯ. ಅದು ಇನ್ನೂ ಹೋಗಿಲ್ಲ."

ಈಗ ನಾನೇ ಓಡಿಸುತ್ತೇನೆ. ಅವಳು ಪಕ್ಕದಲ್ಲಿ ಪಾತ್ರೆ ಹಿಡಿದು ಕೂರುತ್ತಾಳೆ. ಸಿಗ್ನಲ್ ಹತ್ತಿರವಾದಾಗ ನನಗಿಂತ ಮೊದಲೇ ಅವಳ ಎಡಗಾಲು, ಅಲ್ಲಿಲ್ಲದ ಕ್ಲಚ್ಚನ್ನು ಸರಿಯಾಗಿ ಒತ್ತುತ್ತದೆ.